ಕನ್ನಡ ಸಿನಿಮಾ ಮಾತು ಕಲಿತ ಊರಿಗೆ, ಅಪ್ಪನ ಜೊತೆ

ಹೊರಡುವ ರಾತ್ರಿ

ರೈಲು ಇದ್ದದ್ದು ರಾತ್ರಿ ಹನ್ನೊಂದಕ್ಕೆ. ಸಂಜೆಯೇ ಕಚೇರಿಯಿಂದ ಹೊರಟು ಕಲಾಸಿಪಾಳ್ಯಕ್ಕೆ ಹೋದೆ. ಈ ಪ್ರವಾಸ ಅಲ್ಲಿಂದಲೇ ಶುರುವಾಗಬೇಕು ಎಂದು ಮನಸ್ಸಿನಲ್ಲಿ ಹಟ ಹಿಡಿದಿತ್ತು. 1934ರ ಮಾರ್ಚ್ 3ರಂದು ಇಲ್ಲಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನಾ’ ತೆರೆಕಂಡಿತು. ಪರದೆಯ ಮೇಲಿನ ಮನುಷ್ಯರು ಕನ್ನಡದಲ್ಲಿ ಮಾತನಾಡಿದ್ದನ್ನು ಜನ ಟಿಕೆಟು ಕೊಂಡು ಮೊದಲ ಸಲ ಕೇಳಿದ್ದು ಅಂದು. ಪ್ಯಾರಾಮೌಂಟ್ ಮುಂದೆ ಪರಿಮಳ ಟಾಕೀಸಾಯಿತು, ಅನಂತರ ಕಟ್ಟಡವೂ ಹೋಯಿತು. ತರಕಾರಿ ಮೂಟೆ ಹೊತ್ತವರು, ಖಾಸಗಿ ಬಸ್ಸುಗಳ ಏಜೆಂಟರು, ತಳ್ಳುಗಾಡಿಯವರು ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು. ಐದು ನಿಮಿಷ ಸುಮ್ಮನೆ ನಿಂತಿದ್ದು ಹೊರಟೆ.

ಆಟೋದವರಿಗೆ ‘ಮೆಜೆಸ್ಟಿಕ್’ ಎಂದೆ. ಹೇಳಿದ ಮೇಲೆ ಹೊಳೆಯಿತು, ಅದೂ ಒಂದು ಚಿತ್ರಮಂದಿರದ ಹೆಸರೇ. ಆ ಟಾಕೀಸು ನೆಲಕ್ಕುರುಳಿ ಎಷ್ಟೋ ವರ್ಷಗಳಾದವು. ಆದರೂ ನಾಡಿನ ಯಾವ ಮೂಲೆಯಿಂದ ಬಂದವರಾದರೂ ಇಳಿಯುವುದು ಮೆಜೆಸ್ಟಿಕ್‌ನಲ್ಲಿಯೇ. ಕಟ್ಟಡ ಉಳಿಸಿಕೊಳ್ಳಲಾಗದ ಕಡೆಯೂ ಹೆಸರೊಂದನ್ನು ಉಳಿಸಿಕೊಳ್ಳಬಹುದು ಎನ್ನುವುದಕ್ಕೆ ನಮ್ಮ ಬಸ್ ಕಂಡಕ್ಟರುಗಳ ಬಾಯಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪ್ಯಾರಾಮೌಂಟಿಗೆ ಆ ಭಾಗ್ಯ ಸಿಗಲಿಲ್ಲ.

ಮೊದಲ ದಿನ: ಹಾವೇರಿಯಿಂದ ಕೊಲ್ಹಾಪುರಕ್ಕೆ

ಬೆಳಗಿನ ಜಾವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಾವೇರಿಯಲ್ಲಿ ನಿಂತಾಗ ಅಪ್ಪ ಪ್ಲಾಟ್‌ಫಾರ್ಮಿನ ದೀಪದ ಕೆಳಗೇ ನಿಂತಿದ್ದ. ಬಿಳಿ ಅಂಗಿ, ಧೋತರ, ಹೆಗಲಿಗೆ ಒಂದು ಬಟ್ಟೆಯ ಚೀಲ. ವಯಸ್ಸು ಎಪ್ಪತ್ತೆಂಟು. ಕೈ ಕೊಡಲು ಹೋದರೆ ಬೇಡವೆಂದು ತಾನೇ ಹತ್ತಿದ.

ಅಪ್ಪ ನಮ್ಮೂರಿನ ಟಾಕೀಸಿನಲ್ಲಿ 31 ವರ್ಷ ಆಪರೇಟರ್ ಆಗಿದ್ದ. ಊರಿನವರೆಲ್ಲ ಪರದೆಯ ಕಡೆ ಮುಖ ಮಾಡಿ ಕುಳಿತಿರುವಾಗ ಅವರೆಲ್ಲರ ಬೆನ್ನ ಹಿಂದೆ, ಬಿಸಿ ಉಗುಳುವ ಸಣ್ಣ ಕೋಣೆಯಲ್ಲಿ ಬದುಕು ಕಳೆದವನು. ‘ಕನ್ನಡದ ಮೊದಲ ಮಾತಿನ ಸಿನಿಮಾ ಎಲ್ಲಿ ತೆಗೆದರು ಗೊತ್ತೇ ಅಪ್ಪಾ?’ ಎಂದು ಎರಡು ತಿಂಗಳ ಹಿಂದೆ ಫೋನಿನಲ್ಲಿ ಕೇಳಿದ್ದೆ. ‘ಬೆಂಗಳೂರಿನಲ್ಲಿ ಇರಬೇಕು. ಇಲ್ಲವಾದರೆ ಮದ್ರಾಸು’ ಎಂದಿದ್ದ. ಕೊಲ್ಹಾಪುರದಲ್ಲಿ ಎಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ‘ಅಷ್ಟು ಹತ್ತಿರವೇ? ಹಾಗಾದರೆ ಹೋಗಿ ಬರೋಣ ಅವ್ವಾ’ ಎಂದ.

ಹೌದು, ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಆಗ ನಮ್ಮ ನಾಡಿನಲ್ಲಿ ವಾಕ್ಚಿತ್ರ ತೆಗೆಯುವಂಥ ಸ್ಟುಡಿಯೊ ಇರಲಿಲ್ಲ. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿಯವರು ಸೌತ್ ಇಂಡಿಯಾ ಮೂವಿಟೋನ್ ಕಟ್ಟಿ ಹಣ ಹಾಕಿದರು. ವೈ.ವಿ. ರಾವ್ ನಿರ್ದೇಶಿಸಿದರು. ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್. ನಾಟಕದ ರಂಗವನ್ನೇ ಮನೆ ಮಾಡಿಕೊಂಡಿದ್ದ ಇವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಕೊಲ್ಹಾಪುರಕ್ಕೆ ಹೋಗಿ ಸುಮಾರು ಎರಡು ತಿಂಗಳು ಬಿಡಾರ ಹೂಡಿದರು. ಚಿತ್ರದ ಪ್ರತಿ ಇಂದು ಉಳಿದಿಲ್ಲ. ಹಾಗಾಗಿ ನಮಗೆ ಉಳಿದಿರುವುದು ಒಂದು ದಿನಾಂಕ, ಕೆಲವು ಸ್ಥಿರಚಿತ್ರಗಳು, ಎರಡು ಜಾಗ. ಒಂದನ್ನು ಹಿಂದಿನ ಸಂಜೆ ನೋಡಿ ಬಂದಿದ್ದೆ. ಇನ್ನೊಂದರ ಕಡೆಗೆ ರೈಲು ಓಡುತ್ತಿತ್ತು.

ಹುಬ್ಬಳ್ಳಿಯಲ್ಲಿ ಚಹಾ ಕುಡಿಯುವಾಗ ಅಪ್ಪನಿಗೆ ಇನ್ನೊಂದು ಕಥೆ ಹೇಳಿದೆ. ಹಿಂದಿ, ಮರಾಠಿ ಸಿನಿಮಾದ ಮಹಾರಥಿ ವಿ. ಶಾಂತಾರಾಮ್ ಹುಡುಗನಾಗಿದ್ದಾಗ ಇದೇ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು. ಸಂಜೆಗೆ ಇಲ್ಲಿನ ಸಿನಿಮಾ ಮಂದಿರವೊಂದರಲ್ಲಿ ಬಾಗಿಲು ಕಾಯುತ್ತಿದ್ದರು. ಕೆಲಸದ ನೆಪದಲ್ಲಿ ಅದೇ ಸಿನಿಮಾವನ್ನು ದಿನವೂ ನೋಡುವ ಅವಕಾಶ ಅವರದಾಗಿತ್ತು. ಗಾಯನ, ಅಭಿನಯಗಳಿಂದ ಮರಾಠಿ ರಂಗವನ್ನು ಆಳಿದ ಕೇಶವರಾವ್ ಭೋಸಲೆ ತಮ್ಮ ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದೂ ಹುಬ್ಬಳ್ಳಿಯಲ್ಲೇ. ಅಪ್ಪ ಕಿಟಕಿಯಿಂದ ವರ್ಕ್‌ಶಾಪಿನ ಕಡೆಗೆ ಕತ್ತು ಚಾಚಿ ನೋಡುತ್ತ, ‘ಬಾಗಿಲು ಕಾಯುವವನು ಸಿನಿಮಾವನ್ನು ಪೂರ್ತಿ ನೋಡುವುದೇ ಇಲ್ಲ. ತುಂಡು ತುಂಡಾಗಿ ನೋಡುತ್ತಾನೆ. ಅದರಿಂದಲೇ ಅವನಿಗೆ ಜೋಡಣೆ ಗೊತ್ತಾಗುತ್ತದೆ’ ಎಂದ. ಸಂಕಲನದ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಮಾತು ನನಗೆ ಹೆಚ್ಚು ಹೇಳಿತು.

ಬೆಳಗಾವಿ ದಾಟಿ, ಘಟಪ್ರಭಾ, ರಾಯಬಾಗ, ಕುಡಚಿ. ಕಬ್ಬಿನ ಗದ್ದೆಗಳು ಮುಗಿಯುವುದೇ ಇಲ್ಲ. ಕೃಷ್ಣಾ ಹೊಳೆಯನ್ನು ದಾಟುವಾಗ ಅಪ್ಪ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ಕೈಗಿಟ್ಟ. ಒಳಗೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಏಳು ಕಾರ್ಬನ್ ಕಡ್ಡಿಯ ತುಂಡುಗಳು. ಒಂದೊಂದೂ ಕಿರುಬೆರಳಿನಷ್ಟು ಉದ್ದ, ಮೇಲೆ ತಾಮ್ರದ ತೆಳು ಲೇಪ, ತುದಿಯಲ್ಲಿ ಮಾತ್ರ ಉರಿದು ಗುಳಿ ಬಿದ್ದ ಕಪ್ಪು. ಎರಡು ಕಡ್ಡಿಗಳ ತುದಿಗಳನ್ನು ಎದುರುಬದುರು ತಂದು ವಿದ್ಯುತ್ ಹರಿಸಿದರೆ ನಡುವಿನ ಸಂದಿನಲ್ಲಿ ಕಣ್ಣು ಕುಕ್ಕುವ ಬೆಳಕು ಹುಟ್ಟುತ್ತದೆ. ಕಡ್ಡಿ ಉರಿದಂತೆ ಸಂದು ಹಿಗ್ಗುತ್ತದೆ, ಪರದೆಯ ಮೇಲೆ ಚಿತ್ರ ಮಂಕಾಗುತ್ತದೆ. ಅದು ಮಂಕಾಗುವ ಮೊದಲೇ ಆಪರೇಟರನ ಕೈ ಗುಂಡಿಯನ್ನು ತಿರುಗಿಸಿ ಕಡ್ಡಿಗಳನ್ನು ಹತ್ತಿರ ತಂದಿರಬೇಕು. ಅಪ್ಪನ ಬಲ ಅಂಗೈಯಲ್ಲಿ ಆ ಗುಂಡಿಯ ಗುರುತು ಇಂದಿಗೂ ಇದೆ. ‘ಟಾಕೀಸು ಮುಚ್ಚಿದ ದಿನ ಯಂತ್ರವನ್ನು ಗುಜರಿಯವನು ತೂಕ ಹಾಕಿ ಒಯ್ದ. ನೆಲ ಗುಡಿಸುವಾಗ ಇವಿಷ್ಟು ಸಿಕ್ಕವು’ ಎಂದ. ಇಷ್ಟು ವರ್ಷಗಳಲ್ಲಿ ಈ ಡಬ್ಬಿಯನ್ನು ನನಗೆ ತೋರಿಸಿರಲಿಲ್ಲ.

ಮೀರಜಿನಲ್ಲಿ ಇಳಿದು ಕೊಲ್ಹಾಪುರದ ರೈಲು ಹಿಡಿದೆವು. ಸಂಜೆ ಅಂಬಾಬಾಯಿಯ ದರ್ಶನ. ಸರತಿಯ ಸಾಲಿನಲ್ಲಿ ಮರಾಠಿಯಷ್ಟೇ ಕನ್ನಡವೂ ಕೇಳುತ್ತಿತ್ತು.

ಎರಡನೆಯ ದಿನ: ಕೊಲ್ಹಾಪುರ

ಬೆಳಿಗ್ಗೆ ಮೊದಲು ಹೋದದ್ದು ಖರಿ ಕಾರ್ನರಿಗೆ. ಅಲ್ಲಿ ರಸ್ತೆಗಳು ಕೂಡುವಲ್ಲಿ ಒಂದು ಕ್ಯಾಮೆರಾದ ಸ್ಮಾರಕವಿದೆ. ಎಲ್ಲ ಊರುಗಳಲ್ಲೂ ಕತ್ತಿ ಹಿಡಿದವರು, ಕುದುರೆ ಏರಿದವರು ವೃತ್ತದಲ್ಲಿ ನಿಂತಿರುತ್ತಾರೆ. ಒಂದು ಕ್ಯಾಮೆರಾಕ್ಕೆ ಸ್ಮಾರಕ ಕಟ್ಟಿದ ಊರಿನ ಮೇಲೆ ನನಗೆ ಅಲ್ಲೇ ಪ್ರೀತಿ ಹುಟ್ಟಿತು.

ಬಾಬುರಾವ್ ಪೇಂಟರ್ ಅವರ ನೆನಪಿಗೆ ನಿಲ್ಲಿಸಿದ್ದು ಅದು. ಹುಟ್ಟುಹೆಸರು ಬಾಬುರಾವ್ ಮಿಸ್ತ್ರಿ. ನಾಟಕದ ಪರದೆಗಳನ್ನು ಬರೆದು ಬರೆದು ‘ಪೇಂಟರ್’ ಎಂಬ ಕಸುಬೇ ಹೆಸರಾಯಿತು. ಸೋದರ ಸಂಬಂಧಿ ಆನಂದರಾವ್ ಮತ್ತು ಅವರು ಸೇರಿ ಕೇಶವರಾವ್ ಭೋಸಲೆಯವರಂಥ ದೊಡ್ಡ ನಟರ ಮಂಡಳಿಗಳಿಗೆ ಪರದೆ ಬರೆಯುತ್ತಿದ್ದರು. ಸಿನಿಮಾದ ಹುಚ್ಚು ಹಿಡಿದ ಮೇಲೆ ತಾವೇ ಕ್ಯಾಮೆರಾ ಕಟ್ಟಬೇಕೆಂದು ಹೊರಟರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಬಿಡಲಿಲ್ಲ. ಶಿಷ್ಯ ವಿಷ್ಣುಪಂತ ದಾಮ್ಲೆಯವರೊಂದಿಗೆ ಸೇರಿ ಕೆಲಸ ಮುಂದುವರಿಸಿದರು, 1918ರ ಹೊತ್ತಿಗೆ ಕ್ಯಾಮೆರಾ ಸಿದ್ಧವಾಯಿತು. ಕಂಪನಿ ಕಟ್ಟಲು ಹಣ ಕೊಟ್ಟವರು ಗಾಯಕಿ ತಾನೀಬಾಯಿ ಕಾಗಲ್ಕರ್. ಕಾಗಲ್ ಎಂದರೆ ನಮ್ಮ ನಿಪ್ಪಾಣಿಯ ಮಗ್ಗುಲಿನ ಊರು. ಹಾಡಿ ಗಳಿಸಿದ ಹೆಣ್ಣುಮಗಳ ಹಣದಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಎದ್ದು ನಿಂತಿತು. ಅಲ್ಲಿ ತಯಾರಾದ ‘ಸೈರಂಧ್ರಿ’ 1920ರಲ್ಲಿ ಬಂತು. ಹೆಣ್ಣಿನ ಪಾತ್ರಗಳನ್ನು ಹೆಣ್ಣುಮಕ್ಕಳೇ ಮಾಡಿದ್ದರು, ಗಂಡಸರು ಸೀರೆ ಉಡಬೇಕಾಗಿರಲಿಲ್ಲ. ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಎಲ್ಲರೂ ಕೆಲಸ ಕಲಿತದ್ದು ಈ ಗರಡಿಯಲ್ಲಿ.

ಅಪ್ಪ ಸ್ಮಾರಕದ ಸುತ್ತ ಎರಡು ಸುತ್ತು ಬಂದ. ಪಕ್ಕದ ಚಹಾದಂಗಡಿಯಾತ ನಮ್ಮ ಮಾತು ಕೇಳಿ ಕನ್ನಡದಲ್ಲೇ, ‘ಯಾವ ಊರು ಅಜ್ಜಾ?’ ಎಂದು ವಿಚಾರಿಸಿದ. ಆತನ ತಾಯಿಯ ತವರು ಚಿಕ್ಕೋಡಿಯಂತೆ.

‘ಹಾವೇರಿ ಕಡೆಯವರು ತಮ್ಮಾ. ಇಲ್ಲಿ ಕನ್ನಡ ಸಿನಿಮಾ ತೆಗೆದಿದ್ದರಂತೆ, 1934ರ ಸುಮಾರಿನಲ್ಲಿ. ಛತ್ರಪತಿ ಸಿನಿಟೋನ್ ಎಂದು. ಕೇಳಿದ್ದೀಯಾ?’

‘ಜಯಪ್ರಭಾ ಸ್ಟುಡಿಯೊ ಗೊತ್ತು, ಶಾಲಿನಿ ಸ್ಟುಡಿಯೊ ಗೊತ್ತು. ಇದನ್ನು ಕೇಳಿಲ್ಲ ಅಜ್ಜಾ. ಕನ್ನಡ ಸಿನಿಮಾ ಇಲ್ಲೇಕೆ ತೆಗೆದರು?’

ಅಪ್ಪ ವಿವರಿಸಿದ. ಆತ ಕೈಯಲ್ಲಿ ಸೋಸುವ ಬಟ್ಟೆ ಹಿಡಿದುಕೊಂಡೇ ಪೂರ್ತಿ ಕೇಳಿದ. ಎರಡು ಗಲ್ಲಿ ಆಚೆ ಒಬ್ಬ ಹಿರಿಯರಿದ್ದಾರೆ, ಅವರಿಗೆ ಹಳೆಯದೆಲ್ಲ ಗೊತ್ತು ಎಂದು ದಾರಿ ತೋರಿಸಿದ. ಆ ಹಿರಿಯರು ಪ್ರಭಾತ್ ಫಿಲ್ಮ್ ಕಂಪನಿಯ ಕಥೆಯನ್ನು ತಾರೀಖು ಸಮೇತ ಹೇಳಿದರು: 1929ರ ಜೂನ್ 1, ಐವರು ಪಾಲುದಾರರು, ಶಾಂತಾರಾಮ್, ದಾಮ್ಲೆ, ಫತ್ತೇಲಾಲ್, ಧಾಯ್ಬರ್, ಕುಲಕರ್ಣಿ. ಮೂಕಿ ಚಿತ್ರಗಳಿಂದ ಆರಂಭಿಸಿ 1932ರಲ್ಲಿ ಮರಾಠಿಯ ಮೊದಲ ವಾಕ್ಚಿತ್ರವನ್ನು ಇದೇ ಊರಿನಲ್ಲಿ ತೆಗೆದದ್ದು, ಮರುವರ್ಷ ಪುಣೆಗೆ ಹೋದದ್ದು. ಎಲ್ಲವೂ ನಾಲಿಗೆಯ ತುದಿಯಲ್ಲಿ. ಛತ್ರಪತಿ ಸಿನಿಟೋನ್‌ನ ಹೆಸರನ್ನೂ ಅವರು ಕೇಳಿದ್ದರು. ಆದರೆ ಅಲ್ಲಿ ಕನ್ನಡದ ಮೊದಲ ವಾಕ್ಚಿತ್ರ ತಯಾರಾಗಿತ್ತು ಎಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿ, ‘ಇಷ್ಟು ವರ್ಷ ಇಲ್ಲಿಗೆ ಬಂದು ಇದನ್ನು ಯಾರೂ ನನಗೆ ಹೇಳಲಿಲ್ಲವಲ್ಲ ತಾಯಿ’ ಎಂದು ಮರಾಠಿಯಲ್ಲಿ ಹೇಳಿದರು.

ತಪ್ಪು ಅವರದಲ್ಲ. ತಮ್ಮದನ್ನು ಅವರು ನೆನಪಿಟ್ಟುಕೊಂಡಿದ್ದಾರೆ. ನಮ್ಮದನ್ನು ನಾವು ಬಂದು ಹೇಳಬೇಕಿತ್ತು. ಮಾರ್ಚ್ 3 ಬಂದಾಗ ನಾವು ‘ಸತಿ ಸುಲೋಚನಾ’ವನ್ನು ನೆನೆಯುತ್ತೇವೆ, ಭಾಷಣ ಮಾಡುತ್ತೇವೆ. ಎರಡು ತಿಂಗಳು ನಮ್ಮ ಕಲಾವಿದರಿಗೆ ಅನ್ನ ನೀರು ಕೊಟ್ಟ ಊರಿನ ಹೆಸರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಬೆಂಗಳೂರಿನಿಂದ ಒಂದು ಕಲ್ಲು ತಂದು ಇಲ್ಲಿ ನಿಲ್ಲಿಸಲು ಏನೂ ಅಡ್ಡಿಯಿಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನಾಲ್ಕು ಸಾಲು ಕೆತ್ತಿಸಿದರೆ ಸಾಕು. ಕ್ಯಾಮೆರಾಕ್ಕೆ ಸ್ಮಾರಕ ಕಟ್ಟಿದ ಊರು ಅದನ್ನು ಬೇಡವೆನ್ನಲಾರದು.

ಮಧ್ಯಾಹ್ನ ಖಾಸಬಾಗ್ ಕುಸ್ತಿ ಮೈದಾನದ ಪಕ್ಕದ ಕೇಶವರಾವ್ ಭೋಸಲೆ ನಾಟ್ಯಗೃಹದ ಬಳಿ ಹೋದೆವು. ಶಾಹೂ ಮಹಾರಾಜರು ಕಟ್ಟಿಸಿದ ಹಳೆಯ ಪ್ಯಾಲೇಸ್ ಥಿಯೇಟರ್ ಇದು. 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಸಿಕ್ಕಿತು. ಮರುದಿನ ಕೇಶವರಾವ್ ಅವರ ಹುಟ್ಟುಹಬ್ಬ. ನೂರು ವರ್ಷ ದಾಟಿದ ಮರದ ರಂಗ ಒಂದು ರಾತ್ರಿಯಲ್ಲಿ ಹೋಯಿತು. ಮತ್ತೆ ಕಟ್ಟುವ ಕೆಲಸ ನಡೆದಿದೆ. ಅಪ್ಪ ಬೇಲಿಯ ಈಚೆ ಬಹಳ ಹೊತ್ತು ನಿಂತಿದ್ದ. ಬೆಂಕಿ ಎಂದರೆ ಅವನಿಗೆ ಇಂದಿಗೂ ಭಯ. ಫಿಲ್ಮು ಸಿಕ್ಕಿಹಾಕಿಕೊಂಡು ಕಾರ್ಬನ್ ಬೆಳಕಿನ ಎದುರು ಕ್ಷಣ ಹೊತ್ತು ನಿಂತರೂ ಸಾಕು, ನಡುವೆ ಕರಗಿ ತೂತಾಗುತ್ತಿತ್ತು. 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಚಿತ್ರೀಕರಣದ ನಡುವೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ತೀರಿಕೊಂಡ ಸುದ್ದಿ ಬಂದ ದಿನ ಅಪ್ಪ ಊಟ ಮಾಡಿರಲಿಲ್ಲ, ನನಗದು ನೆನಪಿದೆ. ಕನ್ನಡದ ಎಷ್ಟೋ ಚಿತ್ರಗಳಿಗೆ ಹೆರಿಗೆ ಮನೆಯಾಗಿದ್ದ ಆ ಸ್ಟುಡಿಯೊ ಕೂಡ ಈಗ ಇಲ್ಲ.

ಆಮೇಲೆ ಜಯಪ್ರಭಾ ಸ್ಟುಡಿಯೊ. 1930ರ ದಶಕದಲ್ಲಿ ಕೊಲ್ಹಾಪುರದ ಅರಸರ ಆಸರೆಯಲ್ಲಿ ಕೊಲ್ಹಾಪುರ ಸಿನಿಟೋನ್ ಆಗಿ ಶುರುವಾದದ್ದು. ಮುಂದೆ ಮರಾಠಿ ಚಿತ್ರ ನಿರ್ದೇಶಕ ಭಾಲಜಿ ಪೆಂಢಾರ್ಕರ್ ಅವರ ಕೈಗೆ ಬಂತು. ಗಾಂಧೀಜಿಯ ಹತ್ಯೆಯ ನಂತರದ ಗಲಭೆಯಲ್ಲಿ, 1948ರಲ್ಲಿ, ಸುಟ್ಟುಹೋಯಿತು. ಭಾಲಜಿ ಸಾಲ ಮಾಡಿ ಮತ್ತೆ ಎಬ್ಬಿಸಿದರು. ಕೊನೆಗೆ ಲತಾ ಮಂಗೇಶ್ಕರ್ ಅವರ ಒಡೆತನಕ್ಕೆ ಹೋಯಿತು. 2022ರಲ್ಲಿ ಜಾಗ ಮಾರಾಟವಾಗಿದೆ ಎಂಬ ಸುದ್ದಿ ಹಬ್ಬಿದಾಗ ಊರಿನ ಕಲಾವಿದರು, ತಂತ್ರಜ್ಞರು, ಸುತ್ತಲಿನ ಜನ ಬೀದಿಗಿಳಿದು ಧರಣಿ ಕುಳಿತರು. ಸ್ಟುಡಿಯೊ ಸ್ಟುಡಿಯೊ ಆಗಿಯೇ ಉಳಿಯಬೇಕು ಎಂಬುದೊಂದೇ ಅವರ ಬೇಡಿಕೆ. ಮಾಲೀಕರಿಗೂ ತಮ್ಮ ಆಸ್ತಿಯ ಮೇಲೆ ಹಕ್ಕಿದೆ, ಖಾಲಿ ಬಿದ್ದ ಸ್ಟುಡಿಯೊದ ತೆರಿಗೆಯನ್ನು ನೆನಪುಗಳು ಕಟ್ಟಲಾರವು. ಇದು ನನಗೆ ಅರ್ಥವಾಗುತ್ತದೆ. ಅದಕ್ಕಾಗಿಯೇ ಇಂಥ ಜಾಗಗಳ ಹೊರೆಯನ್ನು ಒಬ್ಬರ ತಲೆಯ ಮೇಲೆ ಬಿಡಬಾರದು. ಸರ್ಕಾರವೋ ಉದ್ಯಮವೋ ಬೆಲೆ ಕೊಟ್ಟು ತೆಗೆದುಕೊಳ್ಳಬೇಕು. ಧರಣಿ ಕುಳಿತವರಲ್ಲಿ ಬೆಳಕು ಹಿಡಿಯುವವರು, ಬಣ್ಣ ಹಚ್ಚುವವರು, ಬಡಗಿಗಳು ಇದ್ದರು ಎಂದು ಓದಿದ್ದೆ. ಗೇಟಿನ ಎದುರು ನಿಂತಾಗ ನೆನಪಾದದ್ದು ಅವರೇ.

ರಾತ್ರಿ ಅಪ್ಪ ತಾಂಬಡಾ ರಸ್ಸಾ ಒಂದು ಗುಟುಕು ಕುಡಿದು ಪಾಂಢರಾ ರಸ್ಸಾಕ್ಕೆ ಹೊರಳಿದ. ಕೆಂಪಿನದು ಖಾರ, ಬಿಳಿಯದು ಹಿತ. ರಂಕಾಳಾ ಕೆರೆಯ ದಂಡೆಯಲ್ಲಿ ಸ್ವಲ್ಪ ನಡೆದು ಮಲಗಿದೆವು.

ಮೂರನೆಯ ದಿನ: ಪುಣೆಯ ದಾರಿ

ಇಡೀ ಹಗಲು ಬಸ್ಸು. ಕರಾಡ, ಸಾತಾರಾ, ಖಂಬಾಟ್ಕಿ ಘಾಟು. ಅಪ್ಪ ಹೆಚ್ಚಿನ ಹೊತ್ತು ನಿದ್ದೆ ಮಾಡಿದ.

ಸಂಜೆಗೆ ಪುಣೆಯ ಮಂಡಯಿ ಮಾರುಕಟ್ಟೆಯ ಹತ್ತಿರ ಒಂದು ಜಾಗ ನೋಡಬೇಕಿತ್ತು. 1915ರಲ್ಲಿ ಪುಣೆಯ ಮೊದಲ ಚಿತ್ರಮಂದಿರ ಆರ್ಯನ್ ತೆರೆದದ್ದು ಇಲ್ಲಿ. ಬಾಬುರಾವ್ ಪೇಂಟರ್ ಅವರ ‘ಸೈರಂಧ್ರಿ’ಯನ್ನು ಪುಣೆಯವರು ನೋಡಿದ್ದು ಇಲ್ಲೇ. 1980ರ ದಶಕದಲ್ಲಿ ಅದು ಮುಚ್ಚಿತು, ಈಗ ಅಲ್ಲಿ ವಾಹನ ನಿಲ್ಲಿಸುತ್ತಾರೆ. ಆದರೆ ಜನ ಅದನ್ನು ಕರೆಯುವುದು ಆರ್ಯನ್ ಪಾರ್ಕಿಂಗ್ ಎಂದೇ. ‘ಇದು ನಿಮ್ಮ ಮೆಜೆಸ್ಟಿಕ್’ ಎಂದ ಅಪ್ಪ.

ನಾಲ್ಕನೆಯ ದಿನ: ಪ್ರಭಾತ್‌ನ ಅಂಗಳ

ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದಿದ್ದೆ. 1933ರಲ್ಲಿ ಕೊಲ್ಹಾಪುರದಿಂದ ಬಂದ ಪ್ರಭಾತ್ ಕಂಪನಿ ತನ್ನ ಸ್ಟುಡಿಯೊ ಕಟ್ಟಿದ ನೆಲ ಇದು. 1937ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋದ ‘ಸಂತ ತುಕಾರಾಮ್’ ಇಲ್ಲಿಯೇ ತಯಾರಾಯಿತು. 1950ರ ದಶಕದ ಆರಂಭದಲ್ಲಿ ಪ್ರಭಾತ್ ಮುಚ್ಚಿತು. ಮುಂದೆ ಸರ್ಕಾರ ಇಡೀ ಆವರಣವನ್ನು ಕೊಂಡು 1960ರಲ್ಲಿ ಇಲ್ಲಿ ಸಿನಿಮಾ ಶಾಲೆ ತೆರೆಯಿತು. ಸ್ಟುಡಿಯೊವನ್ನು ಕಾಪಾಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು ಒಂದು ಬಗೆ. ಅದೇ ನೆಲದಲ್ಲಿ ಅದೇ ಕೆಲಸವನ್ನು ಹೊಸಬರ ಕೈಗೆ ಕೊಡುವುದು ಇನ್ನೊಂದು ಬಗೆ.

ಪ್ರಭಾತ್ ಕಾಲದ ದೊಡ್ಡ ಸ್ಟುಡಿಯೊದ ಒಳಗೆ ಕಾಲಿಟ್ಟಾಗ ಮೊದಲು ಬಂದದ್ದು ವಾಸನೆ: ಪ್ಲೈವುಡ್, ಅಂಟು, ಹಸಿ ಬಣ್ಣ. ವಿದ್ಯಾರ್ಥಿಗಳು ಒಂದು ಅಡುಗೆ ಮನೆಯ ಸೆಟ್ಟು ಹಾಕುತ್ತಿದ್ದರು. ಒಬ್ಬ ಹುಡುಗಿ ಗೋಡೆಗೆ ಹೊಗೆ ಹಿಡಿದಂತೆ ಕಾಣಿಸಲು ಸ್ಪಂಜಿನಿಂದ ಮಸಿ ಒತ್ತುತ್ತಿದ್ದಳು. ಒತ್ತುವುದು, ಹಿಂದೆ ಸರಿದು ನೋಡುವುದು, ಮತ್ತೆ ಒತ್ತುವುದು. ಒಲೆಯ ನೇರಕ್ಕೆ ಗಾಢ, ಮೇಲೇರಿದಂತೆ ತೆಳು. ‘ಹೊಗೆ ಕಿಟಕಿಯ ಕಡೆಗೆ ವಾಲಬೇಕಲ್ಲವೇ ತಾಯಿ?’ ಎಂದು ಅಪ್ಪ ತನಗೆ ಬರುವ ಹಿಂದಿಯಲ್ಲಿ ಕೇಳಿದ. ಅವಳು ಕಿಟಕಿ ನೋಡಿದಳು, ನಕ್ಕಳು, ಒಂದು ಕಡೆಯ ಮಸಿಯನ್ನು ಒರೆಸಿ ಇನ್ನೊಂದು ಕಡೆಗೆ ಒತ್ತತೊಡಗಿದಳು. ನಾಟಕದ ಪರದೆ ಬರೆಯುತ್ತಿದ್ದ ಕೊಲ್ಹಾಪುರದ ಆ ಕುಂಚ ಕೈಯಿಂದ ಕೈಗೆ ದಾಟಿ ಇವಳವರೆಗೆ ಬಂದಿದೆ ಎನ್ನಿಸಿತು.

ಹೊರಗೆ ಆವರಣದ ಪ್ರಸಿದ್ಧ ಮಾವಿನ ಮರ. ‘ವಿಸ್ಡಮ್ ಟ್ರೀ’ ಎಂದು ಅದಕ್ಕೆ ಹೆಸರು. ಅದರ ಬುಡದಲ್ಲಿ ಕುಳಿತು ವಾದ ಮಾಡದ ವಿದ್ಯಾರ್ಥಿ ಇಲ್ಲವಂತೆ. 1970ರ ದಶಕದ ನಡುವೆ ಗಿರೀಶ ಕಾರ್ನಾಡರು ಈ ಸಂಸ್ಥೆಯ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ಕಲಿತು ಹೊರಬಂದದ್ದೂ ಆ ದಿನಗಳಲ್ಲೇ. ಕನ್ನಡದ ಹೊಸ ಅಲೆಯ ಒಂದು ಬೇರು ಈ ಮರದ ಕೆಳಗೂ ಇದೆ. ಶಾಂತಾರಾಮರ ಕಾಲದಲ್ಲಿ ಚಿತ್ರೀಕರಣಕ್ಕೆಂದು ತೋಡಿಸಿದ ಕೊಳವನ್ನೂ ನೋಡಿದೆವು. ಪ್ರಭಾತ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಡುಪು, ಪರಿಕರ, ಯಂತ್ರಗಳಿವೆ. ತುತ್ತೂರಿ ಊದುವ ಹೆಣ್ಣು ಪ್ರಭಾತ್‌ನ ಲಾಂಛನ. ಅಪ್ಪ ಒಂದು ಯಂತ್ರದ ಮುಂದೆ ನಿಂತ. ಅವನ ಎರಡು ಕೈಗಳೂ ತಮ್ಮಷ್ಟಕ್ಕೆ ಗಾಳಿಯಲ್ಲಿ ಆಡಿದವು: ಎಡಗೈ ಫಿಲ್ಮನ್ನು ಎಳೆದು ಹಿಡಿಯಿತು, ಬಲಗೈ ಹಲ್ಲುಚಕ್ರದ ಮೇಲೆ ಅದನ್ನು ಕೂರಿಸಿ ಅಗುಳಿ ಮುಚ್ಚಿತು. ಕೊನೆಗೆ ಹೆಬ್ಬೆರಳಿನಿಂದ ಸಡಿಲು ನೋಡಿಕೊಂಡ.

ಐದನೆಯ ದಿನ: ರೀಲುಗಳ ಮನೆ

ಅದೇ ಲಾ ಕಾಲೇಜ್ ರಸ್ತೆಯಲ್ಲಿ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಇದೆ. 1964ರಲ್ಲಿ ಶುರುವಾಯಿತು. ಇದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ದಾದಾಸಾಹೇಬ ಫಾಲ್ಕೆಯವರ ಚಿತ್ರಗಳ ಉಳಿದ ತುಣುಕುಗಳನ್ನು ನಾಸಿಕಕ್ಕೆ ಹೋಗಿ ಅವರ ಕುಟುಂಬದವರಿಂದ ತಂದು ಉಳಿಸಿದರು. ಈ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು. ಪೂರ್ತಿಯಾಗಿ ಉಳಿದಿರುವುದು ಬೆರಳೆಣಿಕೆಯಷ್ಟು.

ಹೋದದ್ದು ಹೇಗೆ ಎಂದು ನಾನು ಅಪ್ಪನಿಗೆ ಹೇಳಬೇಕಿರಲಿಲ್ಲ, ಅವನೇ ನನಗೆ ಹೇಳಿದ. 1950ರ ಆಚೀಚಿನವರೆಗೆ ಸಿನಿಮಾದ ಫಿಲ್ಮು ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಓಡಿ ಮುಗಿದ ಚಿತ್ರದ ಪ್ರತಿಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಮಾರುತ್ತಿದ್ದರು. ಆಮೇಲೆ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯ ಕಡಿಮೆ, ಆದರೆ ಸೆಕೆಯಲ್ಲಿಟ್ಟರೆ ಕೊಳೆಯುತ್ತದೆ. ‘ಡಬ್ಬ ತೆರೆದ ಕೂಡಲೇ ವಿನಿಗರಿನ ಹುಳಿ ವಾಸನೆ ಮೂಗಿಗೆ ಹೊಡೆದರೆ ಆ ರೀಲಿಗೆ ರೋಗ ಬಂತೆಂದೇ ಅರ್ಥ. ಅದನ್ನು ಬೇರೆ ರೀಲುಗಳ ಹತ್ತಿರ ಇಡಬಾರದು, ಅವಕ್ಕೂ ಅಂಟುತ್ತದೆ’ ಎಂದ. ಸಂಗ್ರಹಾಲಯದವರು ರೀಲುಗಳನ್ನು ತಣ್ಣನೆಯ, ತೇವ ಕಡಿಮೆಯಿರುವ ಕೋಣೆಗಳಲ್ಲಿ ಇಡುವುದು ಇದಕ್ಕೇ. ಇಷ್ಟು ಕಾಪಾಡಿದರೂ 2003ರ ಜನವರಿಯಲ್ಲಿ ಬೆಂಕಿ ಬಿದ್ದು ಇಲ್ಲಿನ ನೈಟ್ರೇಟ್ ರೀಲುಗಳ ದೊಡ್ಡ ಸಂಗ್ರಹವೊಂದು ಬೂದಿಯಾಯಿತು.

ಈ ಮನೆಯ ಋಣ ನಮ್ಮ ನಾಡಿನ ಮೇಲೆ ಬೇರೊಂದು ರೀತಿಯಲ್ಲೂ ಇದೆ. 1970ರ ದಶಕದ ಕೊನೆಯಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನ ನೀನಾಸಂನಲ್ಲಿ ಸಿನಿಮಾ ರಸಗ್ರಹಣ ಶಿಬಿರ ಶುರುಮಾಡಿದಾಗ, ಪುಣೆಯಿಂದ ಸತೀಶ್ ಬಹಾದೂರ್, ನಾಯರ್ ಅಂಥವರು ಪಾಠ ಹೇಳಲು ಹೋದರು. ಸಂಗ್ರಹಾಲಯದ ಡಬ್ಬಗಳು ಸಾಗರದ ದಾರಿ ಹಿಡಿದವು. ಅಡಿಕೆ ತೋಟದವರು, ಮೇಷ್ಟರುಗಳು, ಹೆಂಗಸರು, ಹುಡುಗರು ಒಂದೇ ಹಾಸಿನಲ್ಲಿ ಕುಳಿತು ಜಪಾನಿನ, ಬಂಗಾಳದ ಸಿನಿಮಾ ನೋಡಿದರು. ನನ್ನ ಸೋದರಮಾವ ಆ ಶಿಬಿರಕ್ಕೆ ಹೋಗಿ ಬಂದವನು. ಹತ್ತು ದಿನ ಸಿನಿಮಾ ನೋಡಿ ಬಂದು ಅಪ್ಪನ ಕೋಣೆಗೆ ಹತ್ತಿ, ‘ಭಾವಾ, ನೀವು ಓಡಿಸುವುದರಲ್ಲಿ ಇಷ್ಟೆಲ್ಲ ಇದೆಯೆಂದು ನನಗೆ ಗೊತ್ತಿರಲಿಲ್ಲ’ ಎಂದಿದ್ದನಂತೆ. ಉಳಿಸಿದ್ದನ್ನು ಬೀಗ ಹಾಕಿ ಇ‌ಟ್ಟುಕೊಳ್ಳದೆ ಒಂದು ಹಳ್ಳಿಯವರೆಗೆ ಕಳಿಸಿದರಲ್ಲ, ಅದಕ್ಕಾಗಿ ಈ ಕಟ್ಟಡಕ್ಕೆ ಕೈಮುಗಿಯಬೇಕೆನಿಸಿತು.

ಮರಳುವ ದಿನ

ಬೆಳಗಿನ ಹೊತ್ತು ಹಾವೇರಿಯಲ್ಲಿ ಇಳಿದೆವು. ನಾನು ಅಲ್ಲಿಂದಲೇ ಬೆಂಗಳೂರಿಗೆ ಹೋಗುವವಳಿದ್ದೆ. ಅಪ್ಪ ಬಿಡಲಿಲ್ಲ. ‘ಊರಿಗೆ ಬಾ. ಒಂದು ಕೆಲಸವಿದೆ. ನಿನ್ನ ಚೀಲದಲ್ಲಿ ನೋಟ್‌ಬುಕ್ಕು ಇದೆಯಲ್ಲ?’ ಎಂದ.

ನಮ್ಮೂರಿನ ಟಾಕೀಸು ಇದ್ದಲ್ಲಿ ಈಗ ಕಲ್ಯಾಣ ಮಂಟಪವಿದೆ. ಅಂದು ಮದುವೆ ಇರಲಿಲ್ಲ. ಕಾವಲುಗಾರ ಅಪ್ಪನ ಗುರುತಿನವನು, ಗೇಟು ತೆರೆದ. ಅಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ.

‘ಬರೆದುಕೋ. ಗೇಟಿನಿಂದ ಬಲಕ್ಕೆ ಟಿಕೆಟಿನ ಕಿಂಡಿ. ಎರಡು ಕಿಂಡಿ, ಒಂದು ಹೆಂಗಸರಿಗೆ. ಅಲ್ಲಿ ಬೇವಿನ ಮರ. ಇಲ್ಲಿ ಶೇಂಗಾ ಮಾರುವವಳು ಕೂರುತ್ತಿದ್ದಳು, ಅವಳ ದೀಪ ಕಂಬಕ್ಕೆ ತೂಗುಹಾಕಿರುತ್ತಿತ್ತು. ಇದು ನೆಲದ ಕ್ಲಾಸು, ಆಮೇಲೆ ಬೆಂಚು, ಆಮೇಲೆ ಕುರ್ಚಿ.’

ಹೇಳುತ್ತ ಹೇಳುತ್ತ ಅವನು ಹೆಜ್ಜೆ ಹಾಕಿ ಅಳೆಯುತ್ತಿದ್ದ. ನಾನು ಗೆರೆ ಎಳೆಯುತ್ತ ಹಿಂದೆ ಹೋಗುತ್ತಿದ್ದೆ. ಬೇವಿನ ಮರ ಎಲ್ಲಿತ್ತು ಎಂಬುದರ ಬಗ್ಗೆ ಅವನಿಗೂ ಕಾವಲುಗಾರನಿಗೂ ಸಣ್ಣ ಚರ್ಚೆಯಾಯಿತು. ಕೊನೆಗೆ ಕಾವಲುಗಾರನ ಮಾತನ್ನೇ ಒಪ್ಪಿ ಎರಡು ಹೆಜ್ಜೆ ಎಡಕ್ಕೆ ಸರಿಸಿದೆವು. ಅಡುಗೆಮನೆಯ ಬಾಗಿಲ ಹತ್ತಿರ ಬಂದಾಗ ಅಪ್ಪ ನಿಂತು ಮೇಲೆ ನೋಡಿದ. ಅಲ್ಲಿ ಈಗ ನೀರಿನ ಟ್ಯಾಂಕಿಗೆ ಹೋಗುವ ಕಬ್ಬಿಣದ ಏಣಿ.

‘ಇಲ್ಲಿ ಮೆಟ್ಟಿಲು. ಹದಿನೆಂಟು. ಕತ್ತಲಲ್ಲೂ ಎಣಿಸಿಕೊಂಡು ಹತ್ತುತ್ತಿದ್ದೆ. ಹದಿನೆಂಟಾದ ಮೇಲೆ ತಲೆ ತಗ್ಗಿಸಬೇಕು, ಬಾಗಿಲು ಗಿಡ್ಡ. ಅದನ್ನೂ ಬರೆದುಕೋ.’

ಬರೆದುಕೊಂಡೆ.